ಸೀ ಇಲ್ಲದ ಹತ್ತಿಹಾಲು

ಆ ದಿನಗಳಲ್ಲಿ ನಮ್ಮ ಮನೆಯವರು ಗುಟ್ಟನ್ನು ಕಿವಿಯಲ್ಲಿ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ತೇನಿಯ ಸಂತೆಯಲ್ಲಿ ಎದುರಿಗಿದ್ದವರ ಮುಖ ನೋಡುತ್ತಲೇ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ನಮ್ಮೂರಿನ ಗಡಿ ದಾಟಿದರೆ ನಮ್ಮ ಮಾತು ಯಾರಿಗೂ ತಿಳಿಯದು ಎಂಬ ಧೈರ್ಯ. ಕಂಬಂ ಕಣಿವೆಗೆ ನಮ್ಮವರು ಬಂದು ಎಷ್ಟು ತಲೆಮಾರಾಯಿತೋ ಲೆಕ್ಕವಿಟ್ಟವರಿಲ್ಲ. ಹೊಲ, ದನ, ಬಾಳೆ, ದ್ರಾಕ್ಷಿ ಎಲ್ಲವೂ ತಮಿಳುನಾಡಿನದು, ಒಲೆಯ ಮುಂದಿನ ಮಾತು ಮಾತ್ರ ಕನ್ನಡ. ಅದೂ ನಿಮ್ಮ ಕನ್ನಡದಂಥದ್ದಲ್ಲ, ಅರ್ಧ ತಮಿಳು ಬೆರೆತದ್ದು. ಈ ಅಕ್ಷರಗಳನ್ನು ನಾನು ಕಲಿತದ್ದೇ ಮೂವತ್ತು ದಾಟಿದ ಮೇಲೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೇಗೂ ಇದು ಹೊಟ್ಟೆಯದೇ ಕಥೆ.

ನನಗೆ ಆಗ ಒಂಬತ್ತು ವರ್ಷ. ದಿಂಡಿಗಲ್ಲಿನಲ್ಲಿದ್ದ ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಮನೆಯ ಮೇಲೆ ಮಹಡಿ ಕಟ್ಟಿಸುತ್ತಿದ್ದರು. ಮಾವನಿಗೆ ಬೀಗದ ಅಂಗಡಿ ಬಿಟ್ಟು ಬರಲು ಪುರಸೊತ್ತಿಲ್ಲ. ಕೆಲಸ ನೋಡಿಕೊಳ್ಳಲು ತಾತನನ್ನು ಬೇಸಿಗೆಯ ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡರು. ಅಜ್ಜಿಗೆ ಇದು ಸುತರಾಂ ಇಷ್ಟವಿರಲಿಲ್ಲ. ತಾತನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಒಂದು ಗಾಯವಾಗಿ ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ತೇನಿಯ ಡಾಕ್ಟರು ಹೇಳಿದ್ದರು. ತಿಂಗಳ ಕೊನೆಗೆ ಅಜ್ಜಿಯೇ ದಿಂಡಿಗಲ್ಲಿಗೆ ಬಂದು ರಕ್ತ ಪರೀಕ್ಷೆ ಮಾಡಿಸುವುದು, ಬೆರಳಿನ ಹಣೆಬರಹ ಅಲ್ಲಿ ತೀರ್ಮಾನವಾಗುವುದು ಎಂದಾಯಿತು. ಅಲ್ಲಿಯವರೆಗೆ ತಾತನ ಬಾಯಿ ಕಾಯುವುದಕ್ಕೆ ನನ್ನನ್ನು ಜೊತೆ ಮಾಡಿದರು.

"ನಿನ್ ತಾತ ಸೀ ತಿಂದ್ರೆ ನಂಗೆ ಸೊಲ್ಲಿಬಿಡ್ಬೇಕು, ಏನು?" ಎಂದು ಅಜ್ಜಿ ಬಸ್ಸಿನ ಕಿಟಕಿಯಿಂದ ನನ್ನ ಗಲ್ಲ ಹಿಡಿದು ಹೇಳಿದರು. ಸೀ ಅಂದರೆ ನಮ್ಮಲ್ಲಿ ಸಿಹಿ, ಸೊಲ್ಲುವುದು ಅಂದರೆ ಹೇಳುವುದು.

ಬಸ್ಸು ಊರಿನ ಕೆರೆ ದಾಟುವುದರೊಳಗೆ ತಾತ ನನ್ನೊಡನೆ ಒಪ್ಪಂದ ಮಾಡಿಕೊಂಡಿದ್ದರು. ಬಿರಿಯಾನಿ, ಪರೋಟಾ, ಮಾಂಸದ ಕರಿದೋಸೆ ಇವೆಲ್ಲ ಖಾರ, ಸೀ ಅಲ್ಲ, ಆದ್ದರಿಂದ ಅಜ್ಜಿಯ ಕಾನೂನಿಗೆ ಬರುವುದಿಲ್ಲ. ಸೀ ದಿನಕ್ಕೆ ಒಂದೇ ಒಂದು, ಅದೂ ಸಂಜೆಗೆ. ತಾತ ತಿಂದದ್ದೆಲ್ಲ ನನಗೂ ಉಂಟು. ಒಂಬತ್ತು ವರ್ಷದವಳ ಪ್ರಾಮಾಣಿಕತೆ ಎಷ್ಟು ದೂರ ಬಂದೀತು? ದಾರಿಯಲ್ಲಿ ಬತ್ತಲಗುಂಡು ಊರು ಬರುವ ಮೊದಲೇ ನಾನು ಅಜ್ಜಿಯ ಪಕ್ಷ ಬಿಟ್ಟಿದ್ದೆ.

ದಿಂಡಿಗಲ್ಲಿಗೆ ಬಂದವರು ಮೊದಲು ಮಲೈಕೋಟೆ ನೋಡುತ್ತಾರೆ. ಊರ ನಡುವೆ ಬೋಳು ಬಂಡೆ, ಅದರ ನೆತ್ತಿಯ ಮೇಲೆ ಕೋಟೆ. ತಾತ ಅದರತ್ತ ಕಣ್ಣು ಹಾಯಿಸಿ, "ಕಲ್ಲು ಎಲ್ಲಿಗೂ ವೋಗಲ್ಲ ನನ್ ಕಣ್ಣು, ಬಿರಿಯಾನಿ ಒಂದು ಗಂಟೆಗೆಲ್ಲ ತೀರ್ತದೆ" ಎಂದು ನನ್ನ ಕೈ ಹಿಡಿದು ನಡೆದರು. ಹಳೇ ಬೀದಿಯ ಆ ಹೋಟೆಲಿನಲ್ಲಿ ಬಾಳೆಎಲೆಯ ಮೇಲೆ ಬಡಿಸಿದ ಬಿರಿಯಾನಿಯನ್ನು ಕಂಡು ನಾನು ಇದು ಅಕ್ಕಿಯೋ ಜೀರಿಗೆಯೋ ಎಂದು ಕೇಳಿದ್ದೆ. ಅಷ್ಟು ಸಣ್ಣ ಅಕ್ಕಿ. ಅದರ ಹೆಸರೇ ಸೀರಗ ಸಂಬಾ, ಜೀರಿಗೆಯ ಹೆಸರಿನದು. ಕರಿಯನ್ನು, ಅಂದರೆ ಮಾಂಸವನ್ನು, ಅಡಿಕೆಯಷ್ಟು ಸಣ್ಣಗೆ ಹೆಚ್ಚಿರುತ್ತಿದ್ದರು. ಮೆಣಸಿನ ಖಾರ, ಮೊಸರಿನ ತೆಳು ಹುಳಿ. ತಾತ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರೆ ನಾನು ಅವರ ಎಲೆಯಿಂದ ಒಂದು ಚೂರು ಕರಿ ಎತ್ತಿಕೊಳ್ಳುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು, ಆದರೂ ಕಣ್ಣು ಬಿಡುತ್ತಿರಲಿಲ್ಲ.

ಬೆಳಗಿನ ಹೊತ್ತು ಪೊಂಗಲ್. ಒಂದು ದಿನ ನಾನು ಬಡಿಸುವವನಿಗೆ ನನ್ನ ಅಚ್ಚ ತಮಿಳಿನಲ್ಲಿ, "ಅಣ್ಣೇ, ಪೊಂಗಲ್ ಮೇಲ ಕೊಂಜಂ ತುಪ್ಪ ಪೋಡುಂಗ" ಅಂದುಬಿಟ್ಟೆ. ಮನೆಯಲ್ಲಿ ಹುಟ್ಟಿದಾರಭ್ಯ ತುಪ್ಪವನ್ನು ತುಪ್ಪ ಎಂದೇ ಕೇಳಿದವಳು. ಬಾಯಿಗೆ ಬರಬೇಕಾದ ತಮಿಳಿನ 'ನೆಯ್' ಹಿಂದೆ ಬಿದ್ದು ತುಪ್ಪ ಮುಂದೆ ಬಂದಿತ್ತು. ತಮಿಳಿನಲ್ಲಿ ತುಪ್ಪು ಎಂದರೆ ಉಗುಳು. ಆ ಮನುಷ್ಯ ಬಕೆಟ್ಟು ಹಿಡಿದು ನನ್ನನ್ನೂ ಪೊಂಗಲನ್ನೂ ನೋಡುತ್ತ ನಿಂತ. ತಾತ ನಗು ತಡೆಯಲಾಗದೆ ನೀರು ನೆತ್ತಿಗೆ ಹತ್ತಿಸಿಕೊಂಡರು. ಆಮೇಲೆ ನನಗೊಂದು ಪಾಠವೂ ಆಯಿತು. ಹೋಟೆಲಿನವರೊಡನೆ ಬರೀ ತಮಿಳು, ನಮ್ಮಿಬ್ಬರೊಳಗೆ ಬರೀ ಕನ್ನಡ. ಬೆಲ್ಲ ಎನ್ನಬಾರದು, ತಮಿಳರ ವೆಲ್ಲಕ್ಕೆ ಅದು ತೀರ ಹತ್ತಿರ, ಸಿಕ್ಕಿಬೀಳುತ್ತೇವೆ. ಸೀ ಅನ್ನಬೇಕು. ಈ ಊರಿನಲ್ಲಿ ನಮ್ಮ ಮಾತು ಬಲ್ಲವರು ಅತ್ತೆಯ ಮನೆ ಬಿಟ್ಟರೆ ಒಬ್ಬರೂ ಇಲ್ಲ ಎಂದು ತಾತ ಆಣೆ ಇಟ್ಟಂತೆ ಹೇಳಿದರು.

ಹೀಗೆ ಆ ಊರಿನ ರುಚಿಯನ್ನೆಲ್ಲ ನಾವು ಕುಂಟುತ್ತ ಕುಂಟುತ್ತ ನೋಡಿದೆವು. ತಾತನ ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ನಾಲ್ಕು ಬೀದಿಗಿಂತ ದೂರ ಹೋಗುವಂತಿರಲಿಲ್ಲ. ಆ ನಾಲ್ಕು ಬೀದಿಯೇ ಸಾಕಾಗಿತ್ತು. ಕಲ್ಲಿನ ಮೇಲೆ ಪರೋಟಾವನ್ನು ಎರಡೂ ಕೈಯಿಂದ ತಟ್ಟಿ ಪದರ ಬಿಡಿಸುವ ಸದ್ದು, ಅದರ ಮೇಲೆ ಸುರಿಯುವ ಕೆಂಪು ಸಾಲ್ನಾ ಸಾರು, ನನಗೆ ಕೊಡಿಸುತ್ತಿದ್ದ ಸಿರುಮಲೆ ಬೆಟ್ಟದ ಸಣ್ಣ ಬಾಳೆಹಣ್ಣು, ಎಳೆ ತಾಳೆಕಾಯಿಯ, ಅಂದರೆ ತಾಟಿನುಂಗಿನ, ಕಣ್ಣಿಗೆ ಬೆರಳು ಹಾಕಿದರೆ ಮುಖಕ್ಕೆ ಚಿಮ್ಮುವ ನೀರು. ಅತ್ತೆ ಮಧ್ಯಾಹ್ನ ಅನ್ನಕ್ಕೆ ಕರೆದರೆ ತಾತ ಮಹಡಿಯ ಮೇಲಿಂದ ಸಿಮೆಂಟು ಕಲಸುವವರ ನಡುವೆ ನಿಂತು, "ಹಸಿವಿಲ್ಲಮ್ಮಾ, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು. ಅತ್ತೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಅವರು ಕೊಡುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಾತ ಒಂದು ಹೊತ್ತೂ ತಪ್ಪಿಸುತ್ತಿರಲಿಲ್ಲ.

ಸಂಜೆಯ ಸೀ ಎಂದರೆ ಹತ್ತಿಹಾಲು. ಇಲ್ಲಿಯವರು ಪರುತ್ತಿಪಾಲ್ ಎನ್ನುತ್ತಾರೆ. ಹತ್ತಿಕಾಳು ನೆನೆಸಿ ರುಬ್ಬಿ ಹಿಂಡಿದ ಹಾಲಿಗೆ ಅಕ್ಕಿಹಿಟ್ಟು, ಬೆಲ್ಲ, ಒಣಶುಂಠಿ, ಏಲಕ್ಕಿ ಹಾಕಿ ಕುದಿಸಿ, ಮೇಲೆ ತೆಂಗಿನ ತುರಿ ಉದುರಿಸಿ ಬಿಸಿಬಿಸಿ ಕೊಡುವ ಪಾನೀಯ. ನಮ್ಮಜ್ಜಿಗೆ ಅದನ್ನು ಕಂಡರಾಗದು. ಹತ್ತಿಕಾಳು ಇರುವುದು ಎತ್ತಿಗೆ ಎನ್ನುವವರು. ಬಂಡೆಯ ಬುಡದ ಬೀದಿಯಲ್ಲಿ ಒಬ್ಬ ಹೆಂಗಸು ದೊಡ್ಡ ಪಾತ್ರೆಗೆ ಬಟ್ಟೆ ಸುತ್ತಿ ಬಿಸಿ ಕಾಪಾಡಿಕೊಂಡು ಮಾರುತ್ತಿದ್ದರು. ಐವತ್ತರ ಆಸುಪಾಸು, ಕಿವಿಗೆ ಸಣ್ಣ ಓಲೆ, ಮಾತು ಕಡಿಮೆ. ಮೊದಲ ಸಂಜೆ ಕಲ್ಲುಚಪ್ಪಡಿಯ ಮೇಲೆ ಕೂತು ತಾತ ನನಗೆ ಕೊನೆಯ ಸಲ ಎಚ್ಚರಿಸಿದರು.

"ಸೀ ಕುಡ್ದಿದ್ದು ಅಜ್ಜಿಗೆ ಗೊತ್ತಾಗಬಾರ್ದು. ಬೆರಳು ವೋದ್ರೂ ಪರವಾಯಿಲ್ಲ, ಅವಳ ಬಾಯಿಗೆ ಸಿಗಬಾರ್ದು."

"ನಿಜವಾಗ್ಲೂ ಬೆರಳ್ ತೆಗೀತಾರ ತಾತ?"

"ತೆಗದ್ರೆ ಇನ್ನೂ ಒಂಬತ್ ಐತಲ್ಲ."

ನನಗೆ ನಗು ಬರಲಿಲ್ಲ. ಆ ಹೆಂಗಸು ಲೋಟ ತೊಳೆಯುತ್ತಿದ್ದವರು ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ತೊಳೆದು, ನಮಗೆರಡು ಲೋಟ ತುಂಬಿ ಕೊಟ್ಟರು. ಆ ಸಂಜೆ ತಾತನಿಗೆ ಬಹಳ ಹಿಡಿಸಿತು. ಮಾರನೆಯ ಸಂಜೆಯಿಂದ ಮಾತ್ರ ತಕರಾರು.

"ಇವಳ ಕೈಯಾಗೆ ಸೀ ಬರಲ್ವೇ? ನೆನ್ನೆ ಚೆಂದಾಗಿತ್ತು. ಇವತ್ತು ಬರೀ ಕಲಗಚ್ಚು."

ನನ್ನದು ಬೆಲ್ಲ ಸುರಿದಂತೆ ಸಿಹಿಯಾಗಿತ್ತು. ಹಾಗೆಂದು ಹೇಳಿದೆ. ತಾತನ ಸಿಟ್ಟು ಇನ್ನೂ ಏರಿತು. ಹುಡುಗಿಗೆ ತಳದ್ದು, ನನಗೆ ಮೇಲಿಂದು, ಮುದುಕ ಅಂತ ಸದರ ಎಂದು ಆ ಹೆಂಗಸಿನ ಮುಖಕ್ಕೇ ಮುಗುಳ್ನಗುತ್ತ ಅಂದರು. ಒಂದು ದಿನ ನನ್ನ ಲೋಟಕ್ಕೆ ಕೈ ಹಾಕಿದಾಗ ಆಕೆ ನಡುವೆ ಬಂದು, "ಕುಳಂದೈಯೋಡದು ಕುಳಂದೈಕ್ಕೇ", ಮಗುವಿನದು ಮಗುವಿಗೇ, ಎಂದು ತಮಿಳಿನಲ್ಲಿ ಹೇಳಿ ಅದನ್ನು ನನ್ನ ಕೈಗೇ ಇಟ್ಟರು. ಅಂದು ತಾತ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಸುಮಾರಾದವುಗಳನ್ನು ಬೇಕಾದರೆ ಹೇಳುತ್ತೇನೆ. ಕೈ ಬಿಚ್ಚದ ಹೆಣ್ಣು, ಗಂಡನಿಗೆ ಉಪ್ಪನ್ನೂ ಎಣಿಸಿ ಹಾಕುವವಳು, ಹತ್ತಿಕಾಳು ಕುಡಿಸಿ ನನ್ನನ್ನು ಎತ್ತು ಮಾಡುವವಳು. ಬೇರೆ ಕಡೆ ಹೋಗೋಣ ಎಂದರೆ ಅವರಿಗೆ ಬೆರಳು ನೋವು, ಜೊತೆಗೆ ಈಕೆಯ ಶುಂಠಿಯ ಖಾರ ಇನ್ನೆಲ್ಲೂ ಇಲ್ಲ ಎಂಬ ಮೋಹ. ಬೈಯುತ್ತ ಕುಡಿಯುವರು, ಕುಡಿದು ಬೈಯುವರು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡು, ನನಗೆ ಇನ್ನರ್ಧ ಲೋಟ ಸುಮ್ಮನೆ ಹಾಕುತ್ತಿದ್ದರು. ತಾತನದನ್ನು ಪಕ್ಕದ ಒಂದು ಸಣ್ಣ ಪಾತ್ರೆಯಿಂದ ಬಗ್ಗಿಸುವುದನ್ನು ನಾನು ಕಂಡಿದ್ದೆ. ಮುದುಕರ ಪಾತ್ರೆ ಬೇರೆ ಇರುತ್ತದೇನೋ ಅಂದುಕೊಂಡಿದ್ದೆ.

ಭಾನುವಾರ ಅತ್ತೆಯ ಮನೆಗೆ ಅಜ್ಜಿಯ ಫೋನು ಬರುತ್ತಿತ್ತು. "ಸೀ ತಿಂದಾರ?" "ಇಲ್ಲಜ್ಜಿ." ಬೆಳಗೆದ್ದ ಕೂಡಲೇ ತಾತನ ಬೆರಳು ಇದೆಯೇ ಎಂದು ನೋಡುತ್ತಿದ್ದೆ. ತಿಂಗಳು ಮುಗಿಯುವಾಗ ಆ ಬೆರಳಿಗೆ ಏನಾದರೂ ಆದರೆ ಅದು ನನ್ನ ನಾಲಿಗೆಯಿಂದಲೇ ಆದದ್ದು ಎಂದು ನನಗೆ ಖಾತ್ರಿಯಾಗಿತ್ತು.

ಅಜ್ಜಿ ಬಂದರು. ಬೆಳಿಗ್ಗೆ ತಾತನ ರಕ್ತ ಕೊಡಿಸಿ, ಮಧ್ಯಾಹ್ನ ಪರೀಕ್ಷೆಯ ಚೀಟಿ ತಂದರು. ಡಾಕ್ಟರು ಚೀಟಿ ನೋಡಿ, ಬೆರಳು ಒತ್ತಿ ನೋಡಿ, ಸಕ್ಕರೆ ಚೆನ್ನಾಗಿ ಇಳಿದಿದೆ, ಗಾಯ ಒಣಗುತ್ತಿದೆ, ಏನೂ ತೆಗೆಯಬೇಕಿಲ್ಲ ಅಂದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹಸಿವಾಗಿರಬೇಕು ಎಂದು ಅಜ್ಜಿ ನನಗೆ ಬನ್ನು ಕೊಡಿಸಿದರು.

ತಾತನಿಗೆ ಗೆದ್ದ ಅಮಲು. ಸಂಜೆ ಅಜ್ಜಿಯನ್ನು ನೇರ ಆ ಕಲ್ಲುಚಪ್ಪಡಿಗೇ ಕರೆತಂದು ಕೂರಿಸಿ, ಎಲ್ಲ ಒಪ್ಪಿಕೊಂಡರು. "ತಿಂಗಳೆಲ್ಲ ಕುಡ್ದೆ. ದಿನಾ. ಡಾಕ್ಟರ್ ಏನಂದ ಕೇಳ್ದಲ್ಲ? ಸೀಯಿಂದ ಏನೂ ಆಗಲ್ಲ."

ಅಜ್ಜಿ ಮೊದಲು ನನ್ನತ್ತ ನೋಡಿದರು. ಆ ನೋಟ ಈಗಲೂ ನೆನಪಿದೆ. ಆಮೇಲೆ ತಾತನಿಗೆ ಬೈಗುಳ ಶುರುವಾಯಿತು. ತಾತನದು ಮುಗಿಸಿ, ಹತ್ತಿಹಾಲಿನ ಹೆಂಗಸಿನ ಕಡೆ ತಿರುಗಿ, ನಮ್ಮ ಮಾತಿನಲ್ಲೇ, "ಇವಳಿಗೆ ಬುದ್ಧಿ ಬೇಡ್ವಾ? ಕಾಲಿಗೆ ಬಟ್ಟೆ ಸುತ್ಕಂಡ್ ಬಂದ ಮುದ್ಕಂಗೆ ದಿನಾ ಸೀ ಕುಡ್ಸವಳೆ" ಅಂದರು.

ಆಕೆ ಸಣ್ಣ ಪಾತ್ರೆಯ ಮುಚ್ಚಳ ತೆಗೆದು ಒಂದು ಲೋಟ ತುಂಬಿ ಅಜ್ಜಿಯ ಮುಂದೆ ಹಿಡಿದರು.

"ಅಣ್ಣಂಗೆ ಮೊದಲ್ನೇ ದಿನ ಬಿಟ್ರೆ ನಾ ಸೀ ಹಾಕ್ನಿಲ್ಲ ಅಕ್ಕಾ. ಬೇರೆನೇ ಕಾಯಿಸ್ತಿದ್ದೆ. ಕುಡ್ದ್ ನೋಡಿ."

ನಮ್ಮ ಮಾತು. ನಮ್ಮೂರಿನಲ್ಲಿ ಎಳೆಯುವ ಹಾಗೆಯೇ ಎಳೆದು ಆಡಿದ ಮಾತು.

ಅಜ್ಜಿ ಲೋಟ ತೆಗೆದುಕೊಂಡು ಕುಡಿದು, ಸಪ್ಪೆ ಎಂದು ತಲೆಯಾಡಿಸಿ, ಪೂರ್ತಿ ಕುಡಿದರು. ಹತ್ತಿಹಾಲನ್ನು ಅವರು ಕುಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಾತನ ಮುಖವನ್ನು ಮಾತ್ರ ಏನೆಂದು ಹೇಳಲಿ. ಒಂದು ತಿಂಗಳು ತಾವು ಆಡಿದ ಒಂದೊಂದು ಮಾತನ್ನೂ ನೆನಪು ಮಾಡಿಕೊಳ್ಳುತ್ತಿದ್ದುದು ಮುಖದ ಮೇಲೇ ಕಾಣುತ್ತಿತ್ತು. ಉಪ್ಪು ಎಣಿಸುವ ಮಾತಿಗೆ ಬಂದಾಗ ಇರಬೇಕು, ಹೆಗಲ ಮೇಲಿನ ಟವಲು ತೆಗೆದು ಬಾಯಿ ಮುಚ್ಚಿಕೊಂಡರು.

ಆಕೆಯ ಹೆಸರು ಮಾರಕ್ಕ. ನಮ್ಮ ಕಣಿವೆಯ ಪಕ್ಕದ ಬೋಡಿಯ ಕಡೆಯವರು. ಈ ಊರಿನ ತಮಿಳು ಮನೆಯವನನ್ನು ತಾವೇ ಮೆಚ್ಚಿ ಮದುವೆಯಾದವರು. ತವರಿನವರು ಆವತ್ತು ಬಾಗಿಲು ಹಾಕಿದವರು ತೆಗೆದಿರಲಿಲ್ಲ. ಗಂಡ ಒಳ್ಳೆಯವನು, ಮಕ್ಕಳು ಒಳ್ಳೆಯವರು, ಆದರೆ ಯಾರೊಬ್ಬರಿಗೂ ಆ ಮಾತು ಬಾರದು.

"ತಿಂಗಳೆಲ್ಲ ಕೇಳ್ಕಂಡಿದ್ದಿಯಲ್ಲಮ್ಮಾ, ಒಂದ್ ಮಾತ್ ಹೇಳ್ಬಾರ್ದಾ?" ಎಂದು ತಾತ ಟವಲಿನ ಒಳಗಿಂದ ಕೇಳಿದರು.

"ಹೇಳಿದ್ರೆ ನೀವು ಮರ್ಯಾದೆಗೆ ಬಯ್ಯದ್ ಬಿಡ್ತಿದ್ರಿ ಅಣ್ಣಾ. ಬೇರೆ ಕಡೆಗೂ ವೋಗ್ಬಿಡ್ತಿದ್ರಿ. ನಮ್ಮಪ್ಪನೂ ಹಿಂಗೇ ಬಯ್ಯೋರು. ಇಪ್ಪತ್ತೆರಡ್ ವರ್ಷ ಆಗಿತ್ತು ಕೇಳಿ."

ಮಾರಕ್ಕ ನಗುತ್ತಲೇ ಹೇಳಿದರು. ಅಜ್ಜಿ ಸರಿದು ಕೂತು ಚಪ್ಪಡಿಯ ಮೇಲೆ ಅವರಿಗೆ ಜಾಗ ಮಾಡಿಕೊಟ್ಟರು. ಆಮೇಲೆ ಆ ಇಬ್ಬರು ಹೆಂಗಸರು ಸೇರಿ ತಾತನನ್ನು ಬೈದ ಹಾಗೆ ನಾನು ಜೀವಮಾನದಲ್ಲಿ ಕೇಳಿಲ್ಲ. ಗಿರಾಕಿಗಳು ಲೋಟ ಹಿಡಿದು ಕಾದು ನಿಂತಿದ್ದರು. ತಾತ ತಲೆ ತಗ್ಗಿಸಿ ಕೇಳಿಸಿಕೊಂಡರು.

ಈಗ ನಾನು ದಿಂಡಿಗಲ್ಲಿನಲ್ಲೇ ಇದ್ದೇನೆ. ಬಿರಿಯಾನಿ ಊರೂರಿಗೂ ಹೋಗಿದೆ, ಹತ್ತಿಹಾಲು ಪೇಪರ್ ಲೋಟದಲ್ಲಿ ಬರುತ್ತದೆ, ಎಲ್ಲರಿಗೂ ಒಂದೇ ಸಿಹಿ. ತಾತ ಹತ್ತು ಬೆರಳೂ ಇಟ್ಟುಕೊಂಡೇ ಹೋದರು. ಮಾರಕ್ಕನೂ ಹೋದರು. ಹೋದ ವರ್ಷ ಅಜ್ಜಿ ಹೋದ ಮೇಲೆ ನನ್ನನ್ನು ನಮ್ಮ ಮಾತಿನಲ್ಲಿ ಗದರುವವರು ಯಾರೂ ಉಳಿದಿಲ್ಲ. ಅಪ್ಪ, ಅಮ್ಮ, ಅತ್ತೆ ಗದರುವ ಜನವಲ್ಲ. ಗಂಡ, ಅತ್ತೆಯ ಮಕ್ಕಳು, ಆಫೀಸಿನವರು, ಎಲ್ಲರೂ ತಮಿಳಿನಲ್ಲೇ ಬೈಯುತ್ತಾರೆ. ಬೈಸಿಕೊಂಡ ಹಾಗೇ ಅನ್ನಿಸುವುದಿಲ್ಲ.

ಮೊನ್ನೆ ಮಗಳ ಫೋನು ಕಿತ್ತಿಟ್ಟೆ. ಅವಳಿಗೆ ಹದಿಮೂರು. ನಾನು ಕನ್ನಡದಲ್ಲಿ ಹೇಳಿದರೆ ಎಲ್ಲ ತಿಳಿಯುತ್ತದೆ, ಉತ್ತರ ತಮಿಳಿನಲ್ಲಿ. ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ನಾನು, "ಇದನ್ನೇ ಒಂದ್ಸಲ ನಮ್ ಮಾತ್ನಾಗೆ ಬಯ್ಯೇ, ಫೋನ್ ಕೊಡ್ತೀನಿ" ಅಂದೆ. ಅವಳು ಬಾಯಿ ತೆರೆದಳು. ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಾನು ಕಾದೆ. ಫೋನು ಕೈಯಲ್ಲೇ ಹಿಡಿದು ನಿಜವಾಗಿಯೂ ಕಾದೆ. ಒಂದು ಬೈಗುಳವೂ ಅವಳಿಗೆ ಸಿಗಲಿಲ್ಲ. "ವಿಡುಮ್ಮಾ", ಬಿಡಮ್ಮಾ, ಎಂದು ತಮಿಳಿನಲ್ಲೇ ಹೇಳಿ ನಕ್ಕು, ಸಿಟ್ಟನ್ನೇ ಮರೆತು ಒಳಗೆ ಹೋದಳು.