ಕೌಂಟರ್ ಮೇಲೆ ಅರಳಿದ ಸಕ್ಕರೆ ಗುಲಾಬಿ

ಮರುದಿನ ಗೆಳತಿಯ ಮಗಳ ಮದುವೆ, ಕೇಕ್ ನನ್ನದು. ಹೂ ಮಾಡುವ ಸಕ್ಕರೆ ಹಿಟ್ಟು ಬಿರುಕು ಬಿಡುತ್ತಿತ್ತು. ಹಿಟ್ಟಿನ ಡಬ್ಬಿ ಹಿಡಿದೇ ಇಲ್ಲಿ ಬಹರೈನಿನ ಸನದ್ ಪೇಟೆಯ ಕೆಮಿಕಲ್ ಅಂಗಡಿಗೆ ಹೋಗಿ, ಹಿಟ್ಟು ಮೆದುವಾಗಲೆಂದು ಗ್ಲಿಸರಿನ್ ಕೇಳಿದೆ. ಜೊತೆಗೆ ಮಾವಿನ ಎಸೆನ್ಸ್ ಕೇಳಿದ್ದೇ ತಪ್ಪಾಯಿತು.

"ಇಲ್ಲ ಮೇಡಂ, ಇವೆರಡು ಸೇರಿಸಿ ವೇಪ್‌ಗೆ, ಅದೇ ಇ-ಸಿಗರೇಟಿಗೆ, ಹಾಕ್ತಾರೆ. ಕೊಡಬೇಡಿ ಅಂತ ಕಂಪನಿ ಹೇಳಿದೆ," ಎಂದ ಕಾಸರಗೋಡಿನ ಸೇಲ್ಸ್‌ಮ್ಯಾನ್.

"ನಾನು ಕೇಕ್ ಮಾಡುವವಳು ಮಾರಾಯ್ರೆ!"

"ಎಲ್ಲರೂ ಏನಾದರೊಂದು ಹೇಳ್ತಾರೆ."

ನಾನು ಡಬ್ಬಿ ತೆರೆದೆ. "ಇದಕ್ಕೆ ಸ್ವಲ್ಪ ಗ್ಲಿಸರಿನ್ ಹಾಕಿ, ನೀವೇ ನೋಡಿ."

ಅವನು ಅಳುಕುತ್ತಲೇ ಹನಿಸಿದ. ಕೌಂಟರ್ ಮೇಲೇ ನಾದಿ, ಎಸಳಿಗೆ ಎಸಳು ಸೇರಿಸಿ ಗುಲಾಬಿ ಮಾಡಿದೆ. ಒಂದೆಸಳೂ ಬಿರುಕು ಬಿಡಲಿಲ್ಲ. ಒಳಗಿಂದ ಬಂದ ಬಹರೈನಿ ಮ್ಯಾನೇಜರ್, "ಮಾಶಾಅಲ್ಲಾ! ಇವರಿಗೆ ಕೊಡು," ಎಂದರು.

ಎರಡೂ ಬಾಟಲಿ ಹಿಡಿದು ರಾಣಿಯ ಹಾಗೆ ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದರೆ, ಸೇಲ್ಸ್‌ಮ್ಯಾನ್ ಗುಲಾಬಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದೂ ಕಂಪನಿಯ ತಪಾಸಣೆಯೇ ಇರಬೇಕು.