ಯಾರೂ ಹೆಸರು ಕೇಳದ ವಾಚು

ಮೊನ್ನೆ ಬಂಟ್ವಾಳದ ಡಾಕ್ಟರರಲ್ಲಿಗೆ ಹೋದಾಗ ಅಲ್ಲಿನ ಹುಡುಗಿ ನನ್ನ ಬೆರಳ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿದಳು. ಕೆಂಪು ಅಂಕೆಯಲ್ಲಿ ನಾಡಿಬಡಿತ ಮೂಡಿತು. ಬರೆದುಕೊಂಡು ಹೋದಳು. ನನ್ನ ಮಣಿಕಟ್ಟನ್ನು ಯಾರೂ ಮುಟ್ಟಲಿಲ್ಲ. ಇದರಲ್ಲೇನು ವಿಶೇಷ ಎಂದು ನಿಮಗೆ ಅನಿಸಬಹುದು. ಆ ಎರಡು ಅಂಕೆಗಳಿಗಾಗಿ ನಾನು ಒಂದು ಕಾಲದಲ್ಲಿ ಪಟ್ಟ ಪಾಡು ನೆನಪಾಗಿ, ಔಷಧದ ಚೀಟಿಯನ್ನು ಅಲ್ಲಿಯೇ ಬಿಟ್ಟು ಬಂದೆ.

ಅರುವತ್ತರ ದಶಕದ ಸುರುವಿನಲ್ಲಿ ನಾನು ನಾರಾವಿಯಲ್ಲಿ ನರ್ಸು. ಕೈಯಲ್ಲಿದ್ದದ್ದು ಅಪ್ಪನ ಹಳೆಯ ವಾಚು. ಅದರ ಸೆಕೆಂಡಿನ ಮುಳ್ಳು ಮನಸ್ಸು ಬಂದಾಗ ನಡೆಯುತ್ತಿತ್ತು, ಇಲ್ಲದಿದ್ದರೆ ನಿಲ್ಲುತ್ತಿತ್ತು. ನಾಡಿ ಎಣಿಸುವಾಗ ಅದು ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ಕೊನೆಗೊಂದು ದಿನ ಮೂಡುಬಿದಿರೆಯ ನೇಮಿರಾಜರ ವಾಚಿನ ಅಂಗಡಿಗೆ ಹೋದೆ.

ಅವರು ಮೊದಲು ಮುಂದಿಟ್ಟದ್ದು ಹೆಂಗಸರ ವಾಚು, ಹುಣಸೆಬೀಜದಷ್ಟು. "ಸೆಕೆಂಡಿನ ಮುಳ್ಳೇ ಇಲ್ಲವಲ್ಲ" ಎಂದೆ. ಸ್ವಲ್ಪ ಯೋಚಿಸಿ ಒಳಗಿನಿಂದ ಗಂಡಸರ ವಾಚೊಂದನ್ನು ತಂದರು. ಸ್ವಿಸ್ ಮಾಲು. ಅದರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ.

"ಹೆಸರು ಇಲ್ಲ ನರ್ಸಮ್ಮ, ಕೆಲಸ ಉಂಟು" ಎಂದು ಹಿಂಬದಿ ಬಿಚ್ಚಿ, ಭೂತಗನ್ನಡಿ ಕೊಟ್ಟರು. ಕೆಂಪು ಕಲ್ಲುಗಳ ನಡುವೆ ಪುಟ್ಟ ಚಕ್ರವೊಂದು ಎಳೆಮಗುವಿನ ನೆತ್ತಿಯಂತೆ ಮಿಡಿಯುತ್ತಿತ್ತು. ನಾನು ಸೋತದ್ದು ಅಲ್ಲಿಯೇ. ಬೆಲೆ ಕೇಳಿದ ಮೇಲೆ ಮಾತ್ರ ಭೂತಗನ್ನಡಿಯನ್ನು ಕೆಳಗಿಟ್ಟೆ. ಎರಡು ಬಳೆ ಮಾಡಿಸಲೆಂದು ಕೂಡಿಟ್ಟದ್ದೆಲ್ಲ ಅದಕ್ಕೇ ಹೋಗುತ್ತಿತ್ತು.

"ಎಂಟು ದಿನ ಕಟ್ಟಿ ನೋಡಿ, ಹಣ ಆಮೇಲೆ. ಬೇಡ ಕಂಡರೆ ತನ್ನಿ. ನೀವೆಲ್ಲಿಗೆ ಓಡಿಹೋಗ್ತೀರಿ?" ಎಂದರು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವಾಗ ಸೆರಗಿನಿಂದ ಕೈ ಮುಚ್ಚಿಕೊಂಡೆ, ಕದ್ದು ತಂದವಳ ಹಾಗೆ. ಭಾನುವಾರ ನರಿಕೊಂಬಿನ ನಮ್ಮ ಮನೆಯಲ್ಲಿ ಅಣ್ಣನ ಕಣ್ಣಿಗೆ ಬಿದ್ದೇಬಿಟ್ಟಿತು.

"ಕಂಪೆನಿ ಯಾವುದು?"

ಹೇಳಿದೆ. ಇನ್ನೊಮ್ಮೆ ಹೇಳಬೇಕಾಯಿತು.

"ಕೇಳಿಯೇ ಇಲ್ಲ ಮಾರಾಯ್ತಿ! ನಿನಗೆ ಸರಿಯಾಗಿ ಟೋಪಿ ಹಾಕಿದ್ದಾರೆ. ಹಿಂದೆ ಕೊಡು, ಬಳೆ ಮಾಡಿಸುವ."

ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಗಳಿಗೆಗೊಮ್ಮೆ ವಾಚನ್ನು ಕಿವಿಗೆ ಹಿಡಿಯುವುದು, ಅಂಚೆ ಕಚೇರಿಯ ಗಡಿಯಾರದೊಡನೆ ತಾಳೆ ನೋಡುವುದು. ಮೂರು ನಿಮಿಷದ ವ್ಯತ್ಯಾಸ ಕಂಡಿತು. ಆ ಗಡಿಯಾರವನ್ನು ಬೆಳಗಿನ ಬಸ್ಸು ಬಂದದ್ದು ನೋಡಿ ಸರಿಮಾಡುತ್ತಾರೆಂದು ಆಮೇಲೆ ಗೊತ್ತಾಯಿತು. ಆದರೂ ಸಂಶಯ ಹೋಗಲಿಲ್ಲ.

ಆರನೆಯ ದಿನ ಬೆಳಿಗ್ಗೆ ಕಮಲಳೆಂಬ ಬಾಣಂತಿಯ ಮನೆಗೆ ಹೋದೆ. ಹಿಂದಿನ ದಿನ ಹೆರಿಗೆಯಾಗಿತ್ತು. ಹುಡುಗಿ ಗೋಡೆಗೊರಗಿ ನಕ್ಕಳು. "ಸುಸ್ತು ಮಾತ್ರ ನರ್ಸಮ್ಮ" ಎಂದಳು. ಅತ್ತೆ ದುಗ್ಗಕ್ಕ, "ಜ್ವರ ಇಲ್ಲ, ಮೈ ತಣ್ಣಗುಂಟು. ಏನೂ ಇಲ್ಲ" ಎಂದರು.

ನಾಡಿ ಹಿಡಿದೆ. ನೂರ ಮೂವತ್ತು.

ಮತ್ತೆ ಎಣಿಸಿದೆ. ಅಷ್ಟೇ. ಆಗ ನನಗೆ ಮೊದಲು ಹೊಳೆದದ್ದು ಹುಡುಗಿಯ ಜೀವವಲ್ಲ, ಅಣ್ಣನ ಮಾತು. ವಾಚು ನಿಧಾನವಾಗಿದ್ದರೆ ಬಡಿತ ಹೆಚ್ಚೇ ಕಾಣುತ್ತದಲ್ಲ! ಹೆಸರಿಲ್ಲದ ವಾಚನ್ನು ನಂಬಿ ಬಾಣಂತಿಯನ್ನು ಮಂಗಳೂರಿಗೆ ಹೊರಡಿಸಿ, ಅಲ್ಲಿ ಏನೂ ಇಲ್ಲವೆಂದರೆ? ಪರೀಕ್ಷಿಸಲು ನನ್ನ ನಾಡಿಯನ್ನೇ ಹಿಡಿದೆ. ಹೆದರಿಕೆಗೆ ಅದೂ ಓಡುತ್ತಿತ್ತು. ಯಾವ ಪ್ರಯೋಜನವೂ ಆಗಲಿಲ್ಲ.

"ದುಗ್ಗಕ್ಕ, ನಿಮ್ಮ ಕೈ ಕೊಡಿ."

"ನನ್ನದಾ? ನಾನೇನು ಹೆತ್ತಿದ್ದೇನಾ?" ಎಂದು ನಗುತ್ತಲೇ, ಕೈಯನ್ನು ಸೀರೆಗೆ ಒರೆಸಿಕೊಂಡು ಚಾಚಿದರು. ಪೂರ್ತಿ ಒಂದು ನಿಮಿಷ ಎಣಿಸಿದೆ. ಎಪ್ಪತ್ತೆರಡು. ವಾಚಿನಲ್ಲಿ ತಪ್ಪಿರಲಿಲ್ಲ.

"ಜೀಪು ತರಿಸಿ" ಎಂದೆ.

ಮಂಗಳೂರಿನವರೆಗೂ ಕಮಲಳ ಕೈ ಬಿಡಲಿಲ್ಲ. ದಾರಿಯಲ್ಲಿ ಅವಳು ಮಾತು ನಿಲ್ಲಿಸಿದಳು, ತುಟಿ ಬಿಳುಪಾಯಿತು. ನಾಡಿ ನೂರ ನಲುವತ್ತು ದಾಟಿದ ಮೇಲೆ ಎಣಿಸಲು ಧೈರ್ಯವಾಗಲಿಲ್ಲ. ದೊಡ್ಡ ಡಾಕ್ಟರು ನೋಡಿದವರೇ, "ಒಳಗೇ ರಕ್ತ ಹೋಗ್ತಾ ಉಂಟು. ಮಧ್ಯಾಹ್ನದವರೆಗೆ ಕಾದಿದ್ದರೆ ಕಷ್ಟ ಇತ್ತು" ಎಂದು ಒಳಗೆ ಕರೆದುಕೊಂಡು ಹೋದರು. ಅವಳು ಉಳಿದಳು. ಎಂಟನೆಯ ದಿನ ನಾನು ಮೂಡುಬಿದಿರೆಗೆ ಹೋಗಿ ಹಣ ಕೊಟ್ಟು ಬಂದೆ. ಬಳೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಆ ಮನೆಯವರು ಬಹಳ ವರ್ಷ ನನ್ನನ್ನು ಹೊಗಳಿದರು. ಹೊಗಳಿದಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಜೀವವೊಂದು ಜಾರುತ್ತಿದ್ದಾಗ ನಾನು ವಾಚಿನ ಕಂಪೆನಿಯ ಬಗ್ಗೆ ಯೋಚಿಸುತ್ತ ಐದು ನಿಮಿಷ ಕಳೆದಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನನಗೆ ಮೈ ಸರಿಯಿಲ್ಲವೆಂದು ಕೇಳಿ ನಿನ್ನೆ ಕಮಲ ಬಂದಿದ್ದಳು. ಅವಳಿಗೂ ಎಂಬತ್ತರ ಹತ್ತಿರ. ಆ ಗುಟ್ಟನ್ನು ಇನ್ನು ಇಟ್ಟುಕೊಂಡು ಏನು ಮಾಡುವುದೆಂದು ಬಾಯಿಬಿಟ್ಟೆ. "ಕಮಲಾ, ಆ ದಿನ ನಾನು ನಿನ್ನ ಅತ್ತೆಯ ಕೈ ಹಿಡಿದದ್ದು..."

"ಅಯ್ಯೋ, ಅದನ್ನು ಮರೆಯಲಿಕ್ಕುಂಟಾ!" ಎಂದು ಅವಳು ನಡುವೆಯೇ ಬಾಯಿಹಾಕಿದಳು. "ಏಳು ಹೆತ್ತರೂ ಅವರ ಕೈಯನ್ನು ಒಬ್ಬರೂ ಹಿಡಿದು ನೋಡಿರ್ಲಿಲ್ಲ. ಸಾಯುವವರೆಗೂ ಹೇಳ್ತಿದ್ರು, 'ಅಷ್ಟು ಗಡಿಬಿಡಿಯಲ್ಲೂ ನರ್ಸಮ್ಮ ನನ್ನ ನಾಡಿಯನ್ನೂ ನೋಡಿದ್ರು' ಅಂತ. ಎಷ್ಟು ಇತ್ತು, ನೆನಪುಂಟಾ ನಿಮಗೆ?"

ಹೇಳಬೇಕೆಂದಿದ್ದ ಮಾತನ್ನು ಅಲ್ಲಿಗೇ ಬಿಟ್ಟೆ.

"ಎಪ್ಪತ್ತೆರಡು" ಎಂದೆ. "ಒಳ್ಳೆಯ ನಾಡಿ."