ಒಣಶುಂಠಿಯ ವಾಸನೆಯ ಅಕ್ಷರ

ಕಳೆದ ವಾರ ಮೊಮ್ಮಗಳ ಹಳೆಯ ಶಾಲಾಚೀಲವನ್ನು ಬಿಸಿಲಿಗೆ ಹಾಕಲೆಂದು ಕೊಡವಿದಾಗ ಅದರ ಒಳಜೇಬಿನಿಂದ ಹೆಬ್ಬೆರಳಿನಷ್ಟು ಉದ್ದದ ಬಟ್ಟೆಯ ಸಂಚಿಯೊಂದು ನೆಲಕ್ಕೆ ಬಿತ್ತು. ಎತ್ತಿ ಮೂಗಿಗೆ ಹಿಡಿದೆ. ಒಣಶುಂಠಿ. ಘಾಟು ಬಹುಮಟ್ಟಿಗೆ ಇಳಿದುಹೋಗಿದ್ದರೂ ವಾಸನೆ ಅದೇ. ಸಂಚಿಯ ಒಂದು ಬದಿಯಲ್ಲಿ ಕೆಂಪು ನೂಲಿನಿಂದ ಮಲಯಾಳಂನ ‘ಚ’, ಇನ್ನೊಂದು ಬದಿಯಲ್ಲಿ ನೀಲಿ ನೂಲಿನಿಂದ ಇಂಗ್ಲಿಷಿನ ‘ಜಿ’. ಅದನ್ನು ಹೊಲಿದ ಟೀಚರ್ ಈಗ ಇಲ್ಲ.

ನಾನು ಹಳೆಯ ಬಂದರುಗಳ ಇತಿಹಾಸವನ್ನು ಸಂಶೋಧಿಸುತ್ತ ನಿವೃತ್ತನಾದವನು. ಯಾವ ಘಟನೆಯ ಕಾಲವನ್ನೂ ಎರಡು ಆಧಾರಗಳಿಂದ ತಾಳೆ ನೋಡದೆ ಬರೆಯುವ ಅಭ್ಯಾಸ ನನಗಿಲ್ಲ. ಆದ್ದರಿಂದ ಮೊದಲು ಖಚಿತವಾದುದನ್ನು ಹೇಳುತ್ತೇನೆ. ಮಗಳು, ಅಳಿಯ ಇಬ್ಬರೂ ಕೊಚ್ಚಿಯ ಐಟಿ ಪಾರ್ಕಿನಲ್ಲಿ ದುಡಿಯುತ್ತಿದ್ದರು. ಮೊಮ್ಮಗಳನ್ನು ನೋಡಿಕೊಳ್ಳಲೆಂದು ನಾನು ಕಾಸರಗೋಡಿನಿಂದ ಇಲ್ಲಿಗೆ ಬಂದೆ. ಅವಳ ಶಾಲೆ ಕೊಚ್ಚಿಯ ಹಳೆಯ ಬಂದರುಪೇಟೆ ಮಟ್ಟಾಂಚೇರಿಯಲ್ಲಿತ್ತು. ಅರ್ಧ ಪಾಠ ಮಲಯಾಳಂನಲ್ಲಿ, ಅರ್ಧ ಇಂಗ್ಲಿಷಿನಲ್ಲಿ. ಮನೆಯಲ್ಲಿ ನಾವು ಕನ್ನಡ ಆಡುತ್ತಿದ್ದೆವು. ಮೂರು ಭಾಷೆಗಳಲ್ಲಿಯೂ ಅರಳು ಹುರಿದಂತೆ ಮಾತಾಡುತ್ತಿದ್ದ ಮಗು, ಎರಡನೆಯ ತರಗತಿ ಮುಗಿದರೂ ಒಂದು ಅಕ್ಷರವನ್ನೂ ಗುರುತಿಸುತ್ತಿರಲಿಲ್ಲ.

ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆಂದು ಆ ಶಾಲೆಯಲ್ಲಿ ಪ್ರತ್ಯೇಕ ಕೋಣೆಯೊಂದಿತ್ತು. ಅದರ ಹೊಣೆ ಹೊತ್ತಿದ್ದವರು ಈ ಟೀಚರ್. ವೃತ್ತಿಯ ಆರಂಭದಲ್ಲಿ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿಸಿದ್ದ ಮಲಯಾಳಿ. ಹಾಗಾಗಿ ನಮ್ಮ ಕಡೆಯ ಕನ್ನಡ ಅವರಿಗೆ ಬರುತ್ತಿತ್ತು. ಕೋಣೆಯ ಹಿಂದೆ ಶುಂಠಿಯ ಹಳೆಯ ಗೋದಾಮು. ಕಿಟಕಿ ತೆರೆದರೆ ಘಾಟು ಒಳಗೆ ನುಗ್ಗುತ್ತಿತ್ತು. ಉಳಿದ ಅಧ್ಯಾಪಕರು ಮೂಗು ಮುಚ್ಚಿಕೊಳ್ಳುತ್ತಿದ್ದ ಆ ಘಾಟನ್ನೇ ಅವರು ಪಾಠಕ್ಕೆ ಹಚ್ಚಿದರು. ಪ್ರತಿ ಅಕ್ಷರಕ್ಕೆ ಒಂದು ಸಂಚಿ, ಪ್ರತಿ ಸಂಚಿಗೆ ಒಂದು ವಾಸನೆ. ಒಣಶುಂಠಿಗೆ ಮಲಯಾಳಂನಲ್ಲಿ ‘ಚುಕ್ಕ್’, ಆದ್ದರಿಂದ ಅದರ ಮುಂಬದಿಯಲ್ಲಿ ‘ಚ’. ಇಂಗ್ಲಿಷಿನಲ್ಲಿ ಜಿಂಜರ್, ಆದ್ದರಿಂದ ಹಿಂಬದಿಯಲ್ಲಿ ‘ಜಿ’. ಮಕ್ಕಳು ಕಣ್ಣು ಮುಚ್ಚಿ ಮೂಸಿ, ನೂಲಿನ ಮೇಲೆ ಬೆರಳಾಡಿಸಿ, ಆಮೇಲೆ ಹಲಗೆಯ ಮೇಲೆ ಬರೆಯಬೇಕು.

“ಕನ್ನಡದ ಅಕ್ಷರವನ್ನೂ ಒಂದು ಮೂಲೆಯಲ್ಲಿ ಹೊಲಿಯಬಹುದಲ್ಲ?” ಎಂದು ನಾನೊಮ್ಮೆ ಕೇಳಿದ್ದೆ.

“ಎಂತ ಸಾರೇ, ಇಷ್ಟು ಸಣ್ಣ ಚೀಲಕ್ಕೆ ಮೂರು ಭಾಷೆಯ ಭಾರವಾ? ನಿಮ್ಮ ಕನ್ನಡ ಅವಳ ನಾಲಿಗೆಯಲ್ಲಿ ಉಂಟಲ್ಲ, ಅಲ್ಲೇ ಇರಲಿ. ಅದನ್ನು ಮಾತ್ರ ನಿಲ್ಲಿಸಬೇಡಿ,” ಎಂದು ನಕ್ಕಿದ್ದರು.

ಬೇರೆ ಮಕ್ಕಳು ಆ ಕೋಣೆಯನ್ನು ‘ಮಸಾಲೆ ಕ್ಲಾಸ್’ ಎಂದು ಹಂಗಿಸುತ್ತಿದ್ದರು. “ಹೋಗಿ ಹೇಳು ಮೋಳೇ, ನನ್ನ ಮಗಳೇ, ಮಸಾಲೆ ಇಲ್ಲದಿದ್ದರೆ ಮೀನುಕರಿಯನ್ನು ಬೆಕ್ಕು ಕೂಡ ಮೂಸುವುದಿಲ್ಲ ಅಂತ,” ಎಂದು ಟೀಚರ್ ಕಳಿಸುತ್ತಿದ್ದರು. ಮೊಮ್ಮಗಳು ಹೋಗಿ ಹೇಳುತ್ತಲೂ ಇದ್ದಳು. ವರ್ಷದ ಕೊನೆಗೆ ಹತ್ತಾರು ಅಕ್ಷರಗಳು ಅವಳ ಕೈಗೆ ಬಂದವು. ನಿಧಾನವಾಗಿ, ಅಳುತ್ತ, ಆದರೂ ಬಂದವು…

ಮರುವರ್ಷ ಶಾಲೆಯ ಆಡಳಿತ ಬದಲಾಯಿತು. ಕಲಿಕೆಯ ತೊಡಕಿದೆ ಎಂಬ ಅಧಿಕೃತ ಪ್ರಮಾಣಪತ್ರವಿರುವ ಮಕ್ಕಳಿಗೆ ಮಾತ್ರ ಆ ಕೋಣೆ, ಅವರಿಗೆ ಮಾತ್ರ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರಶ್ನೆ ಓದಿಹೇಳುವವರ ನೆರವು ಎಂದರು. ಪ್ರಮಾಣಪತ್ರಕ್ಕೆ ತಿರುವನಂತಪುರದ ಒಂದು ಕೇಂದ್ರದಲ್ಲಿ ತಪಾಸಣೆ ಆಗಬೇಕಿತ್ತು. ಮಗಳಿಗೆ ರಜೆ ಸಿಗಲಿಲ್ಲ. ಟೀಚರ್ ಬಾರದೆ ತಾನು ಹೋಗುವುದಿಲ್ಲವೆಂದು ಮಗು ಹಟ ಹಿಡಿಯಿತು. ಹೀಗೆ ನಾವು ಮೂವರು ಎರ್ನಾಕುಲಂನಲ್ಲಿ ಬೆಳಗಿನ ರೈಲು ಹತ್ತಿದೆವು.

ಅದು ಓಣಂಗೆ ಮೊದಲೋ ನಂತರವೋ ಎಂಬುದರಲ್ಲಿ ನನಗೂ ಮಗಳಿಗೂ ಭಿನ್ನಾಭಿಪ್ರಾಯವಿದೆ. ಆ ಕೇಂದ್ರದ ಹಜಾರದಲ್ಲಿ ನೌಕರರು ಓಣಂಗೆಂದು ಹಾಕಿದ್ದ ಹೂವಿನ ರಂಗೋಲಿ ಇನ್ನೂ ಬಾಡಿರಲಿಲ್ಲ. ಅಂದರೆ ಹಬ್ಬದ ರಜೆ ಶುರುವಾಗುವ ಮುಂಚಿನ ದಿನಗಳು. ನನ್ನ ನೆನಪೇ ಸರಿಯಿರಬೇಕು.

ದಾರಿಯಲ್ಲಿ ಮಗು ಹೆದರಿ ಎರಡು ಬಾರಿ ವಾಂತಿ ಮಾಡಿತು. ಅದನ್ನು ಸಮಾಧಾನಪಡಿಸಲು ಟೀಚರ್ ಚೀಲದಿಂದ ಇಂಗ್ಲಿಷ್ ಪಠ್ಯಪುಸ್ತಕ ತೆಗೆದು, ಕೊಡೆ ಕಳೆದುಕೊಂಡ ಏಡಿಯ ಕಥೆಯನ್ನು ಓದಿಹೇಳಿದರು. ಮಗು ನಕ್ಕಿತು. ಇನ್ನೊಮ್ಮೆ ಎಂದಿತು. ಕಾಯಂಕುಳಂ ದಾಟಿ, ಕೊಲ್ಲಂ ದಾಟಿ, ಅದೇ ಏಡಿ, ಅದೇ ಕೊಡೆ…

ತಪಾಸಣೆಯ ಕೋಣೆಗೆ ಮಗುವಿನ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಟೀಚರ್ ಹೋದರು, ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ನನ್ನ ಹಿಂದೆ ಉದ್ದನೆಯ ಸಾಲು. ಎಲ್ಲರ ಮಡಿಲಲ್ಲೂ ಒಂದೊಂದು ಮಗು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಮೊಮ್ಮಗಳ ದನಿ ಕೇಳಿಸಿತು. ಅವಳು ಓದುತ್ತಿದ್ದಳು! ಎಲ್ಲಿಯೂ ತಡವರಿಸದೆ, ನಿಲ್ಲಬೇಕಾದಲ್ಲಿ ನಿಂತು, ಏಡಿಯ ಮಾತಿಗೆ ದನಿ ಬದಲಿಸಿ. ನನ್ನ ಕಣ್ಣು ತುಂಬಿಬಂತು. ಪಕ್ಕದ ತಾಯಿಗೆ ‘ನನ್ನ ಮೊಮ್ಮಗಳು’ ಎಂದು ಹೇಳಿಯೂಬಿಟ್ಟೆ.

ಹೊರಗೆ ಬಂದಾಗ ಮಗು ಕುಣಿಯುತ್ತಿತ್ತು. ಟೀಚರ ಮುಖದಲ್ಲಿ ರಕ್ತವಿರಲಿಲ್ಲ. ಮರಳುವ ರೈಲಿನಲ್ಲಿ ಮಗು ನಿದ್ದೆಹೋದ ಮೇಲೆಯೇ ಅವರು ಬಾಯಿಬಿಟ್ಟರು.

“ಸಾರೇ, ಅವಳು ಓದಿದ್ದಲ್ಲ.”

“ಮತ್ತೆ?”

“ನಾನು ರೈಲಲ್ಲಿ ಹೇಳಿದ್ದನ್ನು ಅವಳು ಅಲ್ಲಿ ಹೇಳಿದ್ದು. ಡಾಕ್ಟರ್ ಹೊಸ ಪಾಠ ಕೊಡಬೇಕಿತ್ತು. ಹೊರಗೆ ಅಷ್ಟು ಜನ. ನೀವು ತಂದ ಪುಸ್ತಕದಲ್ಲೇ ಎಲ್ಲಿಯಾದರೂ ಓದಲಿ ಅಂದರು. ಮೋಳು ಏಡಿಯ ಚಿತ್ರ ನೋಡಿ ಪುಟ ತೆಗೆದಳು. ಕಥೆ ಮುಗಿಯುವವರೆಗೂ ಪುಟ ತಿರುಗಿಸಲೇ ಇಲ್ಲ ಸಾರೇ. ಡಾಕ್ಟರ್ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ನೋಡಿದೆ.”

“ನೀವು ಹೇಳಬಹುದಿತ್ತಲ್ಲ?”

“ಬಾಯಿ ತೆರೆದೆ. ಆಗಲೇ ಅವಳು ತಿರುಗಿ ನನ್ನನ್ನು ನೋಡಿ ನಕ್ಕಳು. ಡಾಕ್ಟರ್ ‘ಮಿಡುಕ್ಕಿ, ಜಾಣೆ’ ಅಂದಿದ್ದರು. ಹುಟ್ಟಿದ ಮೇಲೆ ಮೊದಲ ಸಲ ಒಬ್ಬರು ಹಾಗೆ ಹೇಳಿದ್ದು… ಆ ಮುಖದ ಎದುರು ಇವಳಿಗೆ ಓದಲು ಬರುವುದಿಲ್ಲ ಅಂತ ನಾನು ಹೇಗೆ ಹೇಳಲಿ?”

ನಾನು ಜಾರುತ್ತಿದ್ದ ಮಗುವಿನ ತಲೆಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ.

ಮಗುವಿನ ಓದು ವಯಸ್ಸಿಗೆ ತಕ್ಕಂತಿದೆ, ತರಗತಿಯಲ್ಲಿ ಹಿಂದುಳಿಯಲು ಮನೆಯ ಭಾಷೆ ಬೇರೆಯಾಗಿರುವುದೇ ಕಾರಣ ಎಂದು ವರದಿ ಬಂತು. ಟೀಚರ್ ಆಡಳಿತದವರ ಮುಂದೆ ನಡೆದದ್ದನ್ನೆಲ್ಲ ಬಿಚ್ಚಿಟ್ಟರು. “ವರದಿ ಬಂದಾಯಿತಲ್ಲ ಟೀಚರ್, ಇನ್ನೆಂಥ ಕಥೆ?” ಎಂದರಂತೆ. ಮೊಮ್ಮಗಳಿಗೆ ಆ ಕೋಣೆಯ ಬಾಗಿಲು ಮುಚ್ಚಿತು. ಟೀಚರ್ ತಮ್ಮ ಫೋನ್ ಸಂಖ್ಯೆಯನ್ನೇ ಕೊಟ್ಟು ಮರುತಪಾಸಣೆಗೆ ಅರ್ಜಿ ಹಾಕಿದರು. ಸರದಿ ಬರಲು ಬಹಳ ಕಾಲ ಕಾಯಬೇಕಿತ್ತು.

ಆ ನಡುವೆ ಆದದ್ದನ್ನು ಬರೆಯುವುದು ಕಷ್ಟ. ಸಾಮಾನ್ಯ ತರಗತಿಯಲ್ಲಿ ಅಧ್ಯಾಪಕರು ಅವಳನ್ನು ಎಬ್ಬಿಸಿ, ಅವಳು ಎಂದೂ ಕೇಳಿರದ ಪಾಠವನ್ನು ಓದಲು ಹೇಳಿದರು. ಅವಳು ಪುಸ್ತಕ ಹಿಡಿದು ನಿಂತಳು. ಓದಲು ಬಂದರೂ ಓದುತ್ತಿಲ್ಲ, ವರದಿಯೇ ಇದೆಯಲ್ಲ, ಇದು ಹಟ ಎಂದು ಗದರಿದರು. ಮಕ್ಕಳು ನಕ್ಕರು. ಹೀಗೆ ದಿನವೂ. ಮೊದಲು ಶಾಲೆಯಲ್ಲಿ ಅವಳ ಮಾತು ನಿಂತಿತು; ಆಮೇಲೆ ಮನೆಯಲ್ಲಿ ಕಥೆ ಹೇಳುವುದು ನಿಂತಿತು. ಟೀಚರ್ ಸಂಜೆ ಸಂಚಿಗಳನ್ನು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಮಗು ಮುಖ ತಿರುಗಿಸಿ ಕುಳಿತಿರುತ್ತಿತ್ತು. “ಪಿಣಕ್ಕಮಾ ಮೋಳೇ, ನನ್ನ ಮೇಲೆ ಸಿಟ್ಟಾ?” ಎಂದು ಕೇಳುತ್ತಿದ್ದರು. ಅವರು ದಿನದಿನಕ್ಕೆ ಸೊರಗಿಹೋಗುತ್ತಿದ್ದರು. ಪಶ್ಚಾತ್ತಾಪವೆಂದು ನಾವು ತಿಳಿದೆವು. ರೋಗವೂ ಇತ್ತೆಂದು ಮುಂದಿನ ಮಳೆಗಾಲದಲ್ಲಿ ಆಸ್ಪತ್ರೆ ಸೇರಿದಾಗಲೇ ಗೊತ್ತಾದದ್ದು. ಅವರು ಮರಳಲಿಲ್ಲ.

ಮರುತಪಾಸಣೆಯ ದಿನ ನಿಗದಿಯಾಗಿದೆಯೆಂದು ಟೀಚರ ಫೋನಿಗೆ ಬಂದಿದ್ದ ಸಂದೇಶವನ್ನು ಅವರ ತಂಗಿ ನಮಗೆ ಕಳಿಸಿದರು. ಅಭ್ಯಾಸಬಲದಿಂದ ತಾಳೆ ನೋಡಿದೆ. ಸಂದೇಶ ಬಂದದ್ದು ಅವರು ಆಸ್ಪತ್ರೆಗೆ ಸೇರಿದ ದಿನವೇ. ಅದನ್ನು ಅವರು ಓದಿದ್ದರೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಆಧಾರದಿಂದಲೂ ಸ್ಥಾಪಿಸಲು ನನಗೆ ಸಾಧ್ಯವಾಗಿಲ್ಲ…

ಅದೇ ಕೇಂದ್ರ, ಅದೇ ಕೋಣೆ. ಈ ಬಾರಿ ಮಗಳು ಒಳಗೆ ಹೋದಳು. ಹೊರಗಿನ ಬೆಂಚಿನಲ್ಲಿ ಕುಳಿತ ನನಗೆ ಏನೂ ಕೇಳಿಸಲಿಲ್ಲ. ಏಡಿಯ ಪುಟ ತೆರೆದಿಟ್ಟಾಗಲೂ ಮಗು ತುಟಿ ಬಿಚ್ಚಲಿಲ್ಲವಂತೆ. ಪ್ರಮಾಣಪತ್ರ ಯಾವ ತೊಡಕೂ ಇಲ್ಲದೆ ಸಿಕ್ಕಿತು.

ಈಗ ಅವಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವಿದೆ, ಪ್ರಶ್ನೆ ಓದಿಹೇಳುವವರಿದ್ದಾರೆ. ತೇರ್ಗಡೆಯಾಗುತ್ತಾಳೆ. ಕೇಳಿದ್ದಕ್ಕಷ್ಟೇ ಮಲಯಾಳಂನಲ್ಲಿ ಒಂದೆರಡು ಪದಗಳ ಉತ್ತರ ಕೊಡುತ್ತಾಳೆ. ಕನ್ನಡ ಅವಳ ನಾಲಿಗೆಯಿಂದ ಹೋಗಿದೆ. ‘ಅಜ್ಜ’ ಎಂಬುದೊಂದು ಉಳಿದಿದೆ.

ಸಂಚಿ ಸಿಕ್ಕ ದಿನದ ಸಂಜೆ ಅದನ್ನು ಅವಳ ಅಂಗೈಯಲ್ಲಿಟ್ಟೆ. ನೂಲಿನ ಮೇಲೆ ಬೆರಳಾಡಿಸಲಿಲ್ಲ. ಒಮ್ಮೆ ಮೂಗಿಗೆ ಹಿಡಿದು ಮೇಜಿನ ಮೇಲಿಟ್ಟಳು.

“ಮಣಮಿಲ್ಲ, ಅಜ್ಜ.” ವಾಸನೆಯೇ ಇಲ್ಲ ಎಂದು.

ಅವಳು ಒಳಗೆ ಹೋದ ಮೇಲೆ ನಾನು ಅದನ್ನೆತ್ತಿ ಮತ್ತೊಮ್ಮೆ ಮೂಸಿ ನೋಡಿದೆ. ಇತ್ತು.